ಎರಡು ಗೆರೆಯ ಸಮ, ನಾಲ್ಕು ಗೆರೆಯ ಸಮ

10ನೆಯ ಶತಮಾನದ ಆರಂಭದಲ್ಲಿ ತೀರಿಕೊಂಡ ಒಬ್ಬ ಹೆಣ್ಣುಮಗಳ ಹೆಸರಿಗೆ ನಾನು 12ನೆಯ ಶತಮಾನದ ಒಂದು ಕೊಳವನ್ನು ಬರೆದುಕೊಟ್ಟುಬಿಟ್ಟಿದ್ದೆ. ಅದು ಗೊತ್ತಾದದ್ದು ವಿಭಾಗದ ಸೆಮಿನಾರಿನಲ್ಲಿ ಪ್ರಬಂಧ ಓದುವುದಕ್ಕೆ ಎರಡು ದಿನ ಮೊದಲು. ಪ್ರಬಂಧದ ಮೂರು ಪುಟ ಅವಳ ಮೇಲೆಯೇ ನಿಂತಿತ್ತು. ಮಧ್ಯಕಾಲೀನ ಕರ್ನಾಟಕದ ಶಾಸನಗಳಲ್ಲಿ ಬರುವ ದಾನ ಕೊಟ್ಟ ಹೆಂಗಸರ ಬಗ್ಗೆ ನನ್ನ ಸಂಶೋಧನೆ. ‘ಇಷ್ಟು ಕಡೆ ದಾನ ಕೊಟ್ಟ ಹೆಂಗಸು ಇನ್ನೊಬ್ಬಳಿಲ್ಲ’ ಎಂದು ಬರೆದ ವಾಕ್ಯವನ್ನು ಮಾರ್ಗದರ್ಶಕರಿಗೆ ಫೋನಿನಲ್ಲಿ ಓದಿ ಹೇಳಿಯೂ ಆಗಿತ್ತು.

ಅವಳ ಹೆಸರು ಜಕ್ಕಿಯಬ್ಬೆ. ಶಾಸನ ಓದುವವರಿಗೆ ಹೊಸಬಳಲ್ಲ. ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಕಾಲದಲ್ಲಿ ನಾಗರಖಂಡ 70ರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನ ತೀರಿಕೊಂಡ ಮೇಲೆ ಆಡಳಿತ ಅವನ ಹೆಂಡತಿ ಜಕ್ಕಿಯಬ್ಬೆಯ ಕೈಗೆ ಬಂತು. ಕಾಯಿಲೆ ಬಿದ್ದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಬಂದಣಿಕೆಯ ಬಸದಿಯಲ್ಲಿ ಸಲ್ಲೇಖನ ವ್ರತದಿಂದ ಪ್ರಾಣ ಬಿಟ್ಟಳು. ಶಿಕಾರಿಪುರ ತಾಲ್ಲೂಕಿನ ಆ ಊರನ್ನು ಈಗ ಬಂದಳಿಕೆ ಎನ್ನುತ್ತಾರೆ. ಕೊಳ ಇರುವುದು ಅಲ್ಲಲ್ಲ, ಶ್ರವಣಬೆಳಗೊಳದಲ್ಲಿ. ಅದಕ್ಕೆ ಜಕ್ಕಿಕಟ್ಟೆ ಎಂದು ಹೆಸರು. ಅದನ್ನು ಕಟ್ಟಿಸಿದವಳು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಅತ್ತಿಗೆ. ಶಾಸನಗಳಲ್ಲಿ ಅವಳ ಹೆಸರು ಜಕ್ಕಿಮವ್ವೆ ಎಂದೂ ಜಕ್ಕಣಬ್ಬೆ ಎಂದೂ ಬರುತ್ತದೆ. ಇವರಿಬ್ಬರ ನಡುವೆ ಸುಮಾರು 200 ವರ್ಷ, ಎರಡು ರಾಜವಂಶ. ಇವರನ್ನು ಒಂದಾಗಿಸಿದ್ದು ನಾನು ಪೈಥಾನ್ ಭಾಷೆಯಲ್ಲಿ ಬರೆದ ಹನ್ನೊಂದು ಸಾಲು.

ಕಂಪ್ಯೂಟರನ್ನು ಬೈಯುವುದು ಸುಲಭ. ಆದರೆ ಅದು ನಾನು ಹೇಳಿದ್ದನ್ನೇ ಮಾಡಿತ್ತು. ‘ಇವೆರಡೂ ಒಂದೇ’ ಎಂಬ ಮಾತಿಗೆ ಎರಡು ಅರ್ಥವಿದೆ ಎನ್ನುವುದನ್ನು ನಾನೇ ಮರೆತಿದ್ದೆ. ಆಮೇಲೆ ಹುಡುಕುತ್ತ ಹೋದಾಗ, ಈ ಎರಡು ಅರ್ಥಗಳಿಗೆ ಎರಡು ಬೇರೆ ಗುರುತು ಕೊಟ್ಟವರು 1967ರಷ್ಟು ಹಿಂದೆಯೇ ಇದ್ದರು ಎಂದು ತಿಳಿಯಿತು.

ನಾರ್ವೆಯ ಕ್ರಿಸ್ಟನ್ ನ್ಯೂಗಾರ್ಡ್ ಮತ್ತು ಓಲೆ ಯೋಹಾನ್ ಡಾಲ್ ಓಸ್ಲೋದ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರಿನಲ್ಲಿ ಕೆಲಸ ಮಾಡುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಹೊಸ ಸಿದ್ಧಾಂತವಲ್ಲ. ಸಾಲು, ಸರದಿ, ಕಾಯುವಿಕೆ ಇವನ್ನೆಲ್ಲ ಯಂತ್ರದೊಳಗೆ ಅಣಕು ಮಾಡಿ ನೋಡುವ ಒಂದು ಭಾಷೆ. ಸುಂಕದ ಕಟ್ಟೆಯ ಮುಂದೆ ಲಾರಿ, ಬಸ್ಸುಗಳ ಸಾಲು ನಿಂತಿದೆ ಎಂದುಕೊಳ್ಳಿ. ಪ್ರತಿ ಲಾರಿಗೂ ತನ್ನದೇ ಭಾರ, ತನ್ನದೇ ಬಂದ ಹೊತ್ತು, ತನ್ನದೇ ಹಿಂದಿನವ ಮುಂದಿನವ. ಲಾರಿ ಎಂಬ ಅಚ್ಚು ಒಂದೇ. ಅದರಿಂದ ಎರಕ ಹೊಯ್ದ ಲಾರಿಗಳು ನೂರಾರು. ಅಚ್ಚಿಗೆ ಅವರು ‘ಕ್ಲಾಸ್’ ಎಂದರು. ಎರಕಕ್ಕೆ ‘ಆಬ್ಜೆಕ್ಟ್’ ಎಂದರು. ಒಂದೊಂದು ಎರಕವೂ ತನ್ನೊಳಗೆ ಇಟ್ಟುಕೊಂಡ ವಿವರಗಳಿಗೆ ‘ಆಟ್ರಿಬ್ಯೂಟ್’ ಎಂದರು. ಇವತ್ತಿಗೂ ಅದೇ ಪದಗಳು. ಆ ಭಾಷೆಯೇ ಸಿಮುಲಾ 67. ಇಬ್ಬರಿಗೂ 2001ರ ಟ್ಯೂರಿಂಗ್ ಪ್ರಶಸ್ತಿ ಬಂತು. 2002ರಲ್ಲಿ, ಕೆಲವೇ ವಾರಗಳ ಅಂತರದಲ್ಲಿ, ಇಬ್ಬರೂ ತೀರಿಕೊಂಡರು.

ಸಿಮುಲಾದಲ್ಲಿ ಎರಡು ಬಗೆಯ ಸಮ ಚಿಹ್ನೆಗಳಿವೆ. ಎರಡು ಗೆರೆಯ ‘=’ ಕೇಳುವುದು: ಇವುಗಳ ಒಳಗಿರುವುದು ಒಂದೇ ಥರ ಇದೆಯೇ? ನಾಲ್ಕು ಗೆರೆಯ ‘==’ ಕೇಳುವುದು: ಇವೆರಡೂ ಹೆಸರು ತೋರಿಸುತ್ತಿರುವುದು ಒಂದೇ ವಸ್ತುವನ್ನೇ? ಅಕ್ಷರಸಾಲುಗಳಿಗೂ, ಅಂದರೆ ಪ್ರೋಗ್ರಾಮಿಂಗಿನವರು ಸ್ಟ್ರಿಂಗ್ ಎನ್ನುವುದಕ್ಕೂ, ಇದೇ ನಿಯಮ. ‘ನಾಗವರ್ಮ’ ಎಂದು ಎರಡು ಕಡೆ ಬರೆದಿಟ್ಟರೆ ಮೊದಲ ಪ್ರಶ್ನೆಗೆ ಹೌದು, ಎರಡನೆಯದಕ್ಕೆ ಅಲ್ಲ. ಕನ್ನಡ ಸಾಹಿತ್ಯ ಓದಿದವರಿಗೆ ಈ ಉದಾಹರಣೆ ಬಿಡಿಸಿ ಹೇಳಬೇಕಿಲ್ಲ. ಛಂದೋಂಬುಧಿ, ಕರ್ಣಾಟಕ ಕಾದಂಬರಿಗಳ ನಾಗವರ್ಮನನ್ನು ಒಂದನೆಯವನೆಂದೂ, ಕಾವ್ಯಾವಲೋಕನ, ಕರ್ಣಾಟಕ ಭಾಷಾಭೂಷಣಗಳ ನಾಗವರ್ಮನನ್ನು ಎರಡನೆಯವನೆಂದೂ ನಮ್ಮ ಸಾಹಿತ್ಯ ಚರಿತ್ರೆಗಳು ಬೇರ್ಪಡಿಸಿವೆ. ಎರಡು ಗೆರೆಯ ಪ್ರಶ್ನೆಗೆ ಇವರು ಸಮ. ನಾಲ್ಕು ಗೆರೆಯದಕ್ಕೆ ಅಲ್ಲ. ತಿರುಗಿಸಿ ನೋಡಿದರೆ ಬಿಟ್ಟಿದೇವ ಮತ್ತು ವಿಷ್ಣುವರ್ಧನ: ಅಕ್ಷರಸಾಲು ಹೊಂದುವುದಿಲ್ಲ, ಮನುಷ್ಯ ಒಬ್ಬನೇ.

ಇಷ್ಟು ಸ್ಪಷ್ಟವಾಗಿದ್ದದ್ದು ಮುಂದೆ ಯಾಕೆ ಗೊಂದಲವಾಯಿತು? ಸಿಮುಲಾ ಅಮೆರಿಕಕ್ಕೆ ಹೋದ ಕತೆ ಚೆನ್ನಾಗಿದೆ. 1966ರಲ್ಲಿ ಯೂಟಾ ವಿಶ್ವವಿದ್ಯಾಲಯಕ್ಕೆ ಸಂಶೋಧನಾ ವಿದ್ಯಾರ್ಥಿಯಾಗಿ ಸೇರಿದ ಅಲನ್ ಕೇ ಎಂಬವರ ಮೇಜಿನ ಮೇಲೆ ಒಂದು ಟೇಪು ಬಂದು ಬಿತ್ತು. ಆಲ್ಗೋಲ್ ಭಾಷೆಯದಂತೆ, ನಡೆಯುತ್ತಿಲ್ಲವಂತೆ, ನಡೆಯುವಂತೆ ಮಾಡು ಎಂದು ಆಜ್ಞೆ. ಹೊಸದಾಗಿ ಬಂದ ಹುಡುಗನಿಗೆ ಇಂಥ ಕೆಲಸ ಹಚ್ಚುವ ಪದ್ಧತಿ ಎಲ್ಲ ವಿಭಾಗಗಳಲ್ಲೂ ಇರುತ್ತದೆ, ನಾವೂ ಬಲ್ಲೆವು. ಜೊತೆಗಿದ್ದ ಕಾಗದಪತ್ರ ತಲೆಬುಡ ತಿಳಿಯದ್ದು. ಕೇ ಮತ್ತು ಇನ್ನೊಬ್ಬ ವಿದ್ಯಾರ್ಥಿ ಪ್ರೋಗ್ರಾಮಿನ ಅಚ್ಚುಪ್ರತಿಯನ್ನು ಪಡಸಾಲೆಯ ನೆಲದ ಮೇಲೆ 80 ಅಡಿ ಉದ್ದಕ್ಕೆ ಹಾಸಿ, ಅದರ ಮೇಲೆ ಅಂಬೆಗಾಲಿಟ್ಟು ಓದಿದರು. ಅದು ಆಲ್ಗೋಲ್ ಆಗಿರಲಿಲ್ಲ, ಸಿಮುಲಾ ಆಗಿತ್ತು. ಮುಂದೆ ಝೆರಾಕ್ಸ್ ಕಂಪನಿಯ ಪಾರ್ಕ್ ಪ್ರಯೋಗಾಲಯದಲ್ಲಿ ಕೇ ಮತ್ತು ಸಂಗಡಿಗರು ರೂಪಿಸಿದ ಸ್ಮಾಲ್‌ಟಾಕ್ ಭಾಷೆಗೆ ಬೀಜ ಬಿದ್ದದ್ದು ಆ ನೆಲದ ಮೇಲೆ.

ಸ್ಮಾಲ್‌ಟಾಕ್ ಎರಡೂ ಚಿಹ್ನೆಗಳನ್ನು ಹಾಗೆಯೇ ಉಳಿಸಿಕೊಂಡಿತು. 1995ರಲ್ಲಿ ಬಂದ ಜಾವಾ ನಾಲ್ಕು ಗೆರೆಯದ್ದನ್ನು ವಸ್ತುಗಳ ಮಟ್ಟಿಗೆ ಅದೇ ಅರ್ಥದಲ್ಲಿ ಇಟ್ಟುಕೊಂಡು, ಒಳಗಿನದನ್ನು ಹೋಲಿಸಲು ‘ಈಕ್ವಲ್ಸ್’ ಎಂಬ ಬೇರೆ ಮಾತು ಕೊಟ್ಟಿತು. ಎರಡು ಸ್ಟ್ರಿಂಗುಗಳನ್ನು ನಾಲ್ಕು ಗೆರೆಯಿಂದ ಹೋಲಿಸಿ, ಒಮ್ಮೆ ಹೌದು ಒಮ್ಮೆ ಅಲ್ಲ ಎಂಬ ಉತ್ತರ ಬಂದು ತಲೆ ಚಚ್ಚಿಕೊಳ್ಳದ ಜಾವಾ ವಿದ್ಯಾರ್ಥಿ ಇಲ್ಲ. ಪೈಥಾನಿನಲ್ಲಿ ಲೆಕ್ಕ ಮತ್ತೆ ಜರುಗಿತು. ಅಲ್ಲಿ ಎರಡು ಗೆರೆ ಎಂದರೆ ಹೆಸರಿಗೆ ಬೆಲೆ ಕಟ್ಟುವುದು, ನಾಲ್ಕು ಗೆರೆ ಎಂದರೆ ಒಳಗಿನದನ್ನು ಹೋಲಿಸುವುದು, ವಸ್ತು ಒಂದೇ ಎಂದು ಕೇಳಲು ‘ಈಸ್’ ಎಂಬ ಪದ. ಓಸ್ಲೋದ ನಾಲ್ಕು ಗೆರೆಗೂ ಪೈಥಾನಿನ ನಾಲ್ಕು ಗೆರೆಗೂ ಅರ್ಥ ಬೇರೆ. ಚಿಹ್ನೆ ನೋಡಿ ಒಂದೇ ಎಂದುಕೊಂಡರೆ ಅಲ್ಲೇ ಮೊದಲ ತಪ್ಪು.

ನನ್ನ ಮೊದಲ ತಪ್ಪು ಮಾತ್ರ ಇದಕ್ಕಿಂತ ಹೀನಾಯದ್ದು. ‘ದಾನಿ’ ಎಂಬ ಕ್ಲಾಸು ಮಾಡಿ, ಅದರ ತಲೆಯಲ್ಲೇ ‘ದಾನಗಳು’ ಎಂಬ ಖಾಲಿ ಪಟ್ಟಿ ಇಟ್ಟೆ. ಮೊದಲನೆಯ ಹೆಂಗಸಿನ ದಾನ ಸೇರಿಸಿದೆ, ಎರಡನೆಯವಳದು ಸೇರಿಸಿದೆ. ಕೊನೆಗೆ ನೋಡಿದರೆ ಪ್ರತಿಯೊಬ್ಬಳೂ ಎಲ್ಲ ದಾನಗಳನ್ನೂ ಕೊಟ್ಟಿದ್ದಾಳೆ! ಯಾಕೆಂದರೆ ಪಟ್ಟಿಯನ್ನು ನಾನು ಇಟ್ಟದ್ದು ಅಚ್ಚಿನಲ್ಲಿ, ಎರಕದಲ್ಲಲ್ಲ. ಪೈಥಾನ್ ಒಂದು ಗುಣವನ್ನು ಮೊದಲು ಆ ವಸ್ತುವಿನೊಳಗೆ ಹುಡುಕುತ್ತದೆ. ಸಿಗದಿದ್ದರೆ ಕ್ಲಾಸಿನಲ್ಲಿ ನೋಡುತ್ತದೆ. ಮನೆಯಲ್ಲಿ ಕೊಡ ಇಲ್ಲದಿದ್ದರೆ ಊರ ಬಾವಿಗೆ ಹೋದಂತೆ. ನನ್ನ ದಾನಿಗಳಲ್ಲಿ ಒಬ್ಬಳ ಮನೆಯಲ್ಲೂ ಕೊಡ ಇರಲಿಲ್ಲ, ಎಲ್ಲರೂ ಒಂದೇ ಬಾವಿಗೆ ಸುರಿಯುತ್ತಿದ್ದರು. ಒಬ್ಬೊಬ್ಬಳೂ ಹುಟ್ಟುವಾಗಲೇ ‘ಸೆಲ್ಫ್’ ಎಂಬ ಪದದ ಮೂಲಕ ಅವಳಿಗೆ ತನ್ನದೇ ಖಾಲಿ ಪಟ್ಟಿ ಕೊಟ್ಟ ಮೇಲೆ ಸರಿಹೋಯಿತು. ಈ ತಪ್ಪು ಕಣ್ಣಿಗೆ ಹೊಡೆಯುವಂಥದ್ದು, ಆದ್ದರಿಂದ ಅಪಾಯವಿಲ್ಲದ್ದು. ಮುಂದಿನದು ಹಾಗಲ್ಲ.

ನನ್ನ ದತ್ತಾಂಶ ಮೂರು ಕಡೆಯಿಂದ ಬಂದದ್ದು. ಒಂದಿಷ್ಟು ನಾನೇ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನು ನೋಡಿ ಟೈಪು ಮಾಡಿದ್ದು. ಒಂದಿಷ್ಟು ಹಿರಿಯ ಸಂಶೋಧಕರೊಬ್ಬರು ಹಳೆಯ ಫಾಂಟಿನಲ್ಲಿ ಇಟ್ಟಿದ್ದನ್ನು ಪರಿವರ್ತಿಸಿಕೊಂಡದ್ದು. ಉಳಿದದ್ದು ಪುಟದ ಚಿತ್ರಗಳಿಂದ ಯಂತ್ರವೇ ಓದಿ ಕೊಟ್ಟದ್ದು. ಪರದೆಯ ಮೇಲೆ ಮೂರೂ ಒಂದೇ ಥರ ಕಾಣುತ್ತಿದ್ದವು. ಆದರೆ ಹೆಸರು ಹುಡುಕಿದರೆ ಕಣ್ಣೆದುರು ಇರುವ ಹೆಸರೇ ಸಿಗುತ್ತಿರಲಿಲ್ಲ.

ಕಾರಣ ಹುಡುಕಲು ಎರಡು ವಾರ ಹಿಡಿಯಿತು. ‘ಗೋವಿಂದ’ ಎಂದು ಬರೆಯಿರಿ. ಯುನಿಕೋಡಿನಲ್ಲಿ ಓತ್ವದ ದೀರ್ಘವನ್ನು ಒಂದೇ ಸಂಕೇತವಾಗಿ ಬರೆಯಬಹುದು. ಇಲ್ಲವೇ ಎತ್ವ, ಕೊಂಬಿನ ದೀರ್ಘ, ಆಮೇಲೆ ದೀರ್ಘದ ಚಿಹ್ನೆ ಎಂದು ಮೂರು ತುಂಡಾಗಿಯೂ ಬರೆಯಬಹುದು. ಕಣ್ಣಿಗೆ ವ್ಯತ್ಯಾಸವಿಲ್ಲ. ಯಂತ್ರಕ್ಕೆ ಮೊದಲನೆಯದು ಆರು ಸಂಕೇತಗಳ ಪದ, ಎರಡನೆಯದು ಎಂಟರದ್ದು. ಸ್ಟ್ರಿಂಗುಗಳನ್ನು ಹೋಲಿಸುವುದು ಎಂದರೆ ಅದಕ್ಕೆ ಈ ಸಂಕೇತಗಳನ್ನು ಒಂದೊಂದಾಗಿ ಎದುರುಬದುರು ಇಟ್ಟು ನೋಡುವುದು, ಅಷ್ಟೇ. ಯುನಿಕೋಡಿನವರು ಇದಕ್ಕೆ ಮದ್ದು ಕೊಟ್ಟಿದ್ದಾರೆ: ನಾರ್ಮಲೈಸೇಶನ್. ತುಂಡುಗಳನ್ನು ಕೂಡಿಸಿ ಒಂದೇ ರೂಪಕ್ಕೆ ತರುವುದು. ಪೈಥಾನಿನ ಒಂದು ತಮಾಷೆ ನೋಡಿ. ಪೈಥಾನ್ 3ರಲ್ಲಿ ಕ್ಲಾಸಿಗೂ ಗುಣಕ್ಕೂ ಕನ್ನಡದಲ್ಲೇ ಹೆಸರಿಡಬಹುದು. ಆ ಹೆಸರುಗಳನ್ನು ಅದು ತಾನಾಗಿಯೇ ಒಂದು ರೂಪಕ್ಕೆ ತಂದುಕೊಳ್ಳುತ್ತದೆ. ಆದರೆ ಉದ್ಧರಣ ಚಿಹ್ನೆಯೊಳಗಿನ ಸ್ಟ್ರಿಂಗನ್ನು ಮುಟ್ಟುವುದಿಲ್ಲ. ಅಂದರೆ ‘ಗೋವಿಂದ’ ಎಂಬುದು ಗುಣದ ಹೆಸರಾದರೆ ಎರಡು ಬರಹವೂ ಒಂದೇ. ಒಬ್ಬ ಮನುಷ್ಯನ ಹೆಸರಾದರೆ ಬೇರೆ ಬೇರೆ.

ನಾರ್ಮಲೈಸೇಶನ್ ಮಾಡಿದ ಮೇಲೂ ಎಷ್ಟೋ ಹೆಸರು ಸಿಗಲಿಲ್ಲ. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ, ಅಂದರೆ 0 ಎಂಬ ಅಂಕಿ, ಕೂತಿತ್ತು. ‘ಗೋವಿಂದ’ ಮತ್ತು ‘ಗೋವಿ೦ದ’. ಬರಿಗಣ್ಣಿನಲ್ಲಿ ಕಂಡುಹಿಡಿಯಿರಿ ನೋಡೋಣ. ಒಂದರಲ್ಲಿರುವುದು ಅಕ್ಷರ, ಇನ್ನೊಂದರಲ್ಲಿರುವುದು ಲೆಕ್ಕದ ಸೊನ್ನೆ. ಇದಕ್ಕೆ ಯುನಿಕೋಡಿನಲ್ಲಿ ಮದ್ದಿಲ್ಲ, ಇರಲೂ ಬಾರದು. ಅಂಕಿಯನ್ನು ಅಕ್ಷರಕ್ಕೆ ಸಮ ಮಾಡುವುದು ಯಾವ ನ್ಯಾಯ? ಇನ್ನು ಒತ್ತಕ್ಷರ ಆಗದಂತೆ ತಡೆಯಲು ನಡುವೆ ಹಾಕುವ ಕಾಣದ ಸಂಕೇತಗಳ ಕತೆ ಹೇಳುತ್ತ ಕೂತರೆ ಪುಟ ಸಾಲದು.

ೞ ಅಕ್ಷರದ ಬಗ್ಗೆ ಮಾತ್ರ ಹೇಳಲೇಬೇಕು. ಹಳಗನ್ನಡದ ಈ ಅಕ್ಷರ ಮಾತಿನಿಂದ ಮರೆಯಾಗಿ ಳ, ರಗಳಲ್ಲಿ ಕರಗಿಹೋಯಿತು. 13ನೆಯ ಶತಮಾನದಲ್ಲಿ ಕೇಶಿರಾಜ ಶಬ್ದಮಣಿದರ್ಪಣ ಬರೆಯುವ ಹೊತ್ತಿಗೆ ಯಾವ ಪದದಲ್ಲಿ ೞ, ಯಾವುದರಲ್ಲಿ ಳ ಎಂದು ಪಟ್ಟಿ ಮಾಡಿ ಹೇಳಬೇಕಾಗಿ ಬಂದಿತ್ತು. ಯಾವುದು ಯಾವುದಕ್ಕೆ ಸಮವಲ್ಲ ಎಂಬುದರ ಪಟ್ಟಿ ಅದು. ಯುನಿಕೋಡ್ ಈ ಅಕ್ಷರಕ್ಕೂ ಒಂದು ಸಂಖ್ಯೆ ಕೊಟ್ಟಿತು, ಆದರೆ ಹೆಸರು ಕೊಡುವಾಗ ಎಡವಿತು. ಅದರ ಅಧಿಕೃತ ಹೆಸರು ಇವತ್ತಿಗೂ ‘ಕನ್ನಡ ಲೆಟರ್ ಫ’! ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವುದಿಲ್ಲ ಎಂಬುದು ಅವರ ನಿಯಮ. ಹಾಗಾಗಿ ತಪ್ಪು ಹೆಸರನ್ನು ಹಾಗೇ ಬಿಟ್ಟು, ಪಕ್ಕದಲ್ಲಿ ಸರಿಯಾದ ಇನ್ನೊಂದು ಹೆಸರನ್ನು ಅಧಿಕೃತವಾಗಿ ಅಂಟಿಸಿದ್ದಾರೆ. ನನಗೆ ಇದನ್ನು ಓದಿ ನಗು ಬಂತು, ಆಮೇಲೆ ಸಮಾಧಾನವೂ ಆಯಿತು. ಅಕ್ಷರ ಯಾವುದೆಂದು ಹೇಳುವುದು ಅದರ ಸಂಖ್ಯೆ. ಹೆಸರು ಮೇಲೆ ಅಂಟಿಸಿದ ಚೀಟಿ ಮಾತ್ರ.

ನಾನು ಮಾಡಿದ್ದೇನು? ಹೆಸರು ಸಿಗುತ್ತಿಲ್ಲವೆಂಬ ಸಿಟ್ಟಿಗೆ ಹೋಲಿಕೆಯ ಕಟ್ಟನ್ನೇ ಸಡಿಲಿಸಿದೆ. ಸೊನ್ನೆಯನ್ನು ಅನುಸ್ವಾರ ಮಾಡಿದೆ, ಕಾಣದ ಸಂಕೇತ ಕಿತ್ತೆಸೆದೆ, ೞ ಮತ್ತು ಳ ಒಂದೇ ಎಂದೆ. ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಒಬ್ಬಳೇ ಹೆಂಗಸನ್ನು ಒಂದು ಶಾಸನ ಅಬ್ಬೆ ಎಂದರೆ ಇನ್ನೊಂದು ಅವ್ವೆ ಎನ್ನುತ್ತದಲ್ಲ, ಅದಕ್ಕಾಗಿ ಹೆಸರಿನ ಕೊನೆಯ ಅಬ್ಬೆ, ಅವ್ವೆ, ಅವುಗಳ ಹಿಂದಿನ ಯಕಾರ ಮಕಾರ ಣಕಾರ ಎಲ್ಲವನ್ನೂ ಕತ್ತರಿಸಿದೆ. ಜಕ್ಕಿಯಬ್ಬೆ, ಜಕ್ಕಿಮವ್ವೆ, ಜಕ್ಕಣಬ್ಬೆ ಮೂವರೂ ‘ಜಕ್ಕ’ ಆದರು. ಆಮೇಲೆ ಪೈಥಾನಿನ ಕ್ಲಾಸಿಗೆ ‘ಹೆಸರು ಸಮವಾದರೆ ದಾನಿಗಳೂ ಸಮ’ ಎಂದು ಹೇಳಿಕೊಟ್ಟೆ. ಹಾಗೆ ಹೇಳದಿದ್ದರೆ ಪೈಥಾನ್ ಎರಡು ಬೇರೆ ವಸ್ತುಗಳನ್ನು ಸಮ ಎನ್ನುವುದೇ ಇಲ್ಲ. ತನಗೆ ತಾನೇ ಸಮ, ಇನ್ನೊಂದಕ್ಕಲ್ಲ ಎಂಬುದು ಅದರ ಮೂಲ ನಿಲುವು. ನನಗಿಂತ ಎಚ್ಚರಿಕೆಯ ಇತಿಹಾಸಕಾರ ಅದು. ನಾನು ಅದರ ಬಾಯಿ ಮುಚ್ಚಿಸಿದೆ.

ಆ ರಾತ್ರಿ ಜಕ್ಕಿಯಬ್ಬೆಯ ಪಟ್ಟಿಯನ್ನು ಕೊನೆಯ ಸಲ ತಿರುವಿಹಾಕುವಾಗ ಶ್ರವಣಬೆಳಗೊಳದ ಹೆಸರು ಕಂಡಿತು. ನಾಗರಖಂಡದವಳಿಗೆ ಬೆಳಗೊಳದಲ್ಲಿ ಕೊಳವೇ? ಇರಬಹುದು, ತೀರ್ಥವಲ್ಲವೇ ಎಂದುಕೊಂಡೆ. ಆಮೇಲೆ ಗಂಗರಾಜನ ಹೆಸರು ಕಂಡಿತು. ಹೊಟ್ಟೆಯೊಳಗೆ ತಣ್ಣಗಾಯಿತು.

ಬಿಡಿಸುವುದಕ್ಕೆ ಕೂತಾಗ ಇನ್ನೊಂದು ಸಂಗತಿ ಗಮನಕ್ಕೆ ಬಂತು. ಜಕ್ಕಿಕಟ್ಟೆಯವಳನ್ನು ಶಾಸನ ಹೇಗೆ ಗುರುತಿಸುತ್ತದೆ? ಗಂಗರಾಜನ ಅಣ್ಣನ ಹೆಂಡತಿ, ಬೊಪ್ಪನ ತಾಯಿ, ಶುಭಚಂದ್ರ ಸಿದ್ಧಾಂತದೇವರ ಶಿಷ್ಯೆ. ಹೆಸರಿಗಿಂತ ಈ ಸಂಬಂಧಗಳೇ ಅವಳನ್ನು ಹಿಡಿದು ನಿಲ್ಲಿಸಿವೆ. ಸಿಮುಲಾ 67ರಲ್ಲಿ ಒಂದು ವಸ್ತುವಿನ ಗುಣವನ್ನು ಮುಟ್ಟಲು ಚುಕ್ಕಿ ಇಡುತ್ತಾರೆ, ಇವತ್ತಿನ ಭಾಷೆಗಳೂ ಅದನ್ನೇ ಮಾಡುತ್ತವೆ: ಗಂಗರಾಜ.ಅಣ್ಣ.ಹೆಂಡತಿ. ಕನ್ನಡದಲ್ಲಿ ಆ ಚುಕ್ಕಿಯ ಕೆಲಸವನ್ನು ಷಷ್ಠಿ ವಿಭಕ್ತಿ ಮಾಡುತ್ತದೆ. ‘ಗಂಗರಾಜನ ಅಣ್ಣನ ಹೆಂಡತಿ’ ಎಂಬುದು ಸ್ಟ್ರಿಂಗ್ ಅಲ್ಲ, ದಾರಿ. ಒಬ್ಬನಿಂದ ಇನ್ನೊಬ್ಬನಿಗೆ, ಅವನಿಂದ ಅವಳಿಗೆ ಬೆರಳು ಮಾಡಿ ತೋರಿಸುವುದು. ಬೊಪ್ಪ ಎಂಬ ಹೆಸರನ್ನು ಬರೀ ಅಕ್ಷರವಾಗಿ ಹೋಲಿಸಿದ್ದರೆ ಮತ್ತೊಮ್ಮೆ ಬೀಳುತ್ತಿದ್ದೆ, ಯಾಕೆಂದರೆ ಗಂಗರಾಜನ ಸ್ವಂತ ಮಗನ ಹೆಸರೂ ಬೊಪ್ಪನೇ.

ಸಿಮುಲಾದವರ ಮೇಲೆ ಪ್ರಭಾವ ಬೀರಿದವರಲ್ಲಿ ಬ್ರಿಟನ್ನಿನ ಟೋನಿ ಹೋರ್ ಒಬ್ಬರು. ಅವರೂ ನಿಕ್ಲಾಸ್ ವಿರ್ತ್ ಅವರೂ ರೂಪಿಸಿದ ಆಲ್ಗೋಲ್ ಡಬ್ಲ್ಯು ಭಾಷೆಯಲ್ಲಿ ‘ಪರ್ಸನ್’ ಎಂಬ ಉದಾಹರಣೆ ಬರುತ್ತದೆ: ಹೆಸರು, ವಯಸ್ಸು, ಗಂಡಸೋ ಅಲ್ಲವೋ, ತಂದೆ, ಕಿರಿಯ ಮಗು, ಒಡಹುಟ್ಟಿದ ಹಿರಿಯರು. ಗಂಡಸೋ ಎಂಬುದಕ್ಕೆ ಹೌದು ಅಥವಾ ಅಲ್ಲ. ಹೆಂಗಸು ಎಂದರೆ ಅಲ್ಲಿ ‘ಅಲ್ಲ’. ಉಳಿದ ನೆಂಟರೆಲ್ಲ ಸ್ಟ್ರಿಂಗುಗಳಲ್ಲ, ಬೇರೆ ವ್ಯಕ್ತಿಗಳ ಕಡೆಗೆ ಬೆರಳು. ಬೆರಳು ಯಾರನ್ನೂ ತೋರಿಸದೆ ಇರಬಹುದಲ್ಲ, ಅದಕ್ಕೆಂದು 1965ರಲ್ಲಿ ಹೋರ್ ‘ನಲ್’ ಎಂಬುದನ್ನು ಸೇರಿಸಿದರು. 2009ರಲ್ಲಿ ಒಂದು ಭಾಷಣದಲ್ಲಿ ಅದನ್ನು ತಮ್ಮ ನೂರು ಕೋಟಿ ಡಾಲರಿನ ತಪ್ಪು ಎಂದು ಒಪ್ಪಿಕೊಂಡರು. ಪ್ರೋಗ್ರಾಮುಗಳು ಅದರಿಂದ ಕುಸಿದುಬಿದ್ದದ್ದು ಅವರ ಮನಸ್ಸಿನಲ್ಲಿತ್ತು. ನನ್ನ ಕಷ್ಟ ಬೇರೆ. ಗಂಡನ ಹೆಸರಿನ ಜಾಗ ಖಾಲಿ ಇದ್ದರೆ ಗಂಡ ಇರಲಿಲ್ಲವೆಂದೋ, ಶಾಸನ ಹೇಳಲಿಲ್ಲವೆಂದೋ, ಹೇಳಿದ ಸಾಲು ಒಡೆದುಹೋಗಿದೆಯೆಂದೋ? ಮೂರಕ್ಕೂ ಒಂದೇ ನಲ್. ಇಬ್ಬರು ಹೆಂಗಸರ ಖಾಲಿ ಜಾಗಗಳನ್ನು ಹೋಲಿಸಿದಾಗ ನನ್ನ ಪ್ರೋಗ್ರಾಮು ‘ಗಂಡ ಒಬ್ಬನೇ’ ಎಂದು ಉತ್ತರ ಕೊಟ್ಟಿದ್ದೂ ಉಂಟು.

ಸೆಮಿನಾರಿನಲ್ಲಿ ಆ ಮೂರು ಪುಟ ಓದಲಿಲ್ಲ. ಯಾಕೆ ಓದುತ್ತಿಲ್ಲ ಎಂಬುದನ್ನೇ ಹೇಳಿದೆ. ‘ಹಳಬರು ಕಾರ್ಡಿನ ಮೇಲೆ ಬರೆದುಕೊಂಡು ಮಾಡುತ್ತಿದ್ದ ತಪ್ಪನ್ನೇ ನೀವು ಬೇಗ ಮಾಡಿದ್ದೀರಿ’ ಎಂದು ಹಿಂದಿನ ಸಾಲಿನಿಂದ ಒಬ್ಬರು ಹೇಳಿದರು. ಅರ್ಧ ಸರಿ. ಕಾರ್ಡಿನಲ್ಲಾದರೆ ಇಬ್ಬರು ಜಕ್ಕಿಯರನ್ನು ಸೇರಿಸುವ ಮುನ್ನ ಕೈ ಒಂದು ಕ್ಷಣ ನಿಲ್ಲುತ್ತಿತ್ತು.

ಈಗ ನನ್ನ ಕ್ಲಾಸಿನಲ್ಲಿ ಹೆಸರು ಎರಡು ಗುಣಗಳಾಗಿ ಇದೆ: ಶಾಸನದಲ್ಲಿ ಇದ್ದ ಹಾಗೆ ಒಂದು, ಹುಡುಕುವುದಕ್ಕೆ ಸಡಿಲ ಮಾಡಿದ್ದು ಇನ್ನೊಂದು. ಸಡಿಲ ರೂಪ ಹೊಂದಿದರೆ ಪ್ರೋಗ್ರಾಮು ‘ಇವರನ್ನು ನೋಡು’ ಎನ್ನುತ್ತದೆ, ಸೇರಿಸುವುದಿಲ್ಲ. ಸೇರಿಸುವುದು ನಾನು, ಸೇರಿಸಿದರೆ ಯಾವ ಶಾಸನದ ಯಾವ ಸಾಲಿನ ಆಧಾರದಿಂದ ಎಂದು ಬರೆಯಬೇಕು. ಖಾಲಿ ಜಾಗಕ್ಕೆ ಮೂರು ಬೇರೆ ಗುರುತು ಮಾಡಿಕೊಂಡಿದ್ದೇನೆ, ಅವು ಒಂದಕ್ಕೊಂದು ಸಮವಲ್ಲ, ತಮಗೆ ತಾವೂ ಸಮವಲ್ಲ. ‘ಇಷ್ಟು ಕಡೆ ದಾನ ಕೊಟ್ಟ ಹೆಂಗಸು ಇನ್ನೊಬ್ಬಳಿಲ್ಲ’ ಎಂಬ ವಾಕ್ಯ ಹೋಯಿತು. ಒಬ್ಬಳು ದೊಡ್ಡ ದಾನಿಯ ಬದಲು, ಒಂದೊಂದೇ ದಾನ ಕೊಟ್ಟ ಬಹಳ ಜನ ಹೆಂಗಸರು ಉಳಿದರು. ಅವರ ಬಗ್ಗೆ ಮೂರು ಪುಟ ಬರೆಯುವುದು ಕಷ್ಟ, ಬರೆಯುತ್ತಿದ್ದೇನೆ.

ಕಳೆದ ವಾರ ಇನ್ನೊಬ್ಬಳು ಜಕ್ಕವ್ವೆ ಸಿಕ್ಕಳು. ಕಲ್ಲಿನ ಬಲಮಗ್ಗುಲು ಒಡೆದಿದೆ. ಹೆಸರಾದ ಮೇಲೆ ‘ನ ಮಗಳು’ ಎಂದಷ್ಟೇ ಉಳಿದಿದೆ. ಯಾರ ಮಗಳು ಎಂಬುದು ಒಡೆದ ಚೂರಿನ ಜೊತೆ ಹೋಗಿದೆ. ಅವಳಿಗೆ ಹೊಸ ವಸ್ತು ಮಾಡಿ, ತಂದೆಯ ಜಾಗದಲ್ಲಿ ಮೂರನೆಯ ಗುರುತು ಹಾಕಿ ಇಟ್ಟಿದ್ದೇನೆ.